ಹಾಬ್ಬೊ ಇಟ್ಟ ಚಮಚ

ನನ್ನ ಗಂಡನ ಶವಪೆಟ್ಟಿಗೆಯನ್ನು ದ್ವೀಪಕ್ಕೆ ತಂದವನು ಹಾಬ್ಬೊ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನೆಲ್ಲ ಕೇಳಿ, ಈ ಹೆಂಗಸು ಇಂಥವನನ್ನು ನಂಬಿದ್ದಾದರೂ ಯಾಕೆ ಎಂದು ನಿಮಗೆ ಅನ್ನಿಸಬಹುದು. ಐಲರ್ಟ್ ಆಚೆ ದಡದ ಎಮ್ಡೆನ್ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಸಮುದ್ರ ಇಳಿದಿತ್ತು, ಹಡಗು ಕೆಸರಿನಲ್ಲಿ ಕೂತಿತ್ತು. "ಬದುಕಿದ್ದಾಗ ಒಂದು ದಿನವೂ ನೀರಿಗೆ ಕಾದವನಲ್ಲ ಅವನು, ಈಗ್ಯಾಕೆ ಕಾಯ್ಬೇಕು?" ಎಂದ ಹಾಬ್ಬೊ ತನ್ನ ವಿಮಾನದ ಸೀಟುಗಳನ್ನು ಬಿಚ್ಚಿಹಾಕಿ, ಪೆಟ್ಟಿಗೆಯನ್ನು ಒಳಗಿಟ್ಟು, ನಮ್ಮ ಮೇವೆನೋಗ್ ದ್ವೀಪದ ಮೇಲೆ ಒಂದು ಸುತ್ತು ಹಾಕಿ ಮೆಲ್ಲಗೆ ಇಳಿಸಿದ. ನನ್ನ ಮಗಳ ದೀಕ್ಷಾಸ್ನಾನದಂದು ಅವಳನ್ನು ಎತ್ತಿಕೊಂಡು ನಿಂತವನೂ ಅವನೇ.

ಐಲರ್ಟ್ ಬಿಟ್ಟುಹೋದದ್ದು ಒಂದು ವಿಮಾನ, ಒಂದು ದಾರಿ. ಅದಕ್ಕೆ ಪೈಲಟ್ ನಾನೊಬ್ಬಳೇ. ಇದಕ್ಕೂ ಕಂಪನಿ ಎನ್ನುತ್ತಾರೆ. ನಮ್ಮ ಹುಲ್ಲಿನ ಮೈದಾನದಿಂದ ಎದ್ದು ಆಚೆ ದಡದ ಹಾರ್ಸೀಲ್‌ನಲ್ಲಿ ಇಳಿಯುವುದಕ್ಕೆ ಒಂದು ಬಟ್ಟಲು ಚಹಾ ಆರುವಷ್ಟು ಹೊತ್ತು ಸಾಕು. ಹಡಗಿಗೆ ಉಬ್ಬರ ಬೇಕು, ನನಗೆ ಬೇಡ. ಆ ಒಂದು ಕಾರಣಕ್ಕೆ ಹಡಗು ಕಂಪನಿಯವರಿಗೆ ನಮ್ಮನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಹಾಬ್ಬೊನದು ಹಾರ್ಸೀಲ್‌ನಲ್ಲೇ ಸ್ವಲ್ಪ ದೊಡ್ಡ ಕಂಪನಿ, ಬೇರೆ ಎರಡು ದ್ವೀಪಗಳಿಗೆ ಹಾರುತ್ತಿದ್ದ. ಅವನಿಗೂ ಹಡಗಿನವರೆಂದರೆ ಮೈಯೆಲ್ಲ ಉರಿ. ಅವರನ್ನು ಬೈಯುವುದರಲ್ಲೇ ನಮ್ಮ ಎಷ್ಟೋ ಸಂಜೆಗಳು ಕಳೆದಿದ್ದವು.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಕೊರೊನಾ ರೋಗ ಬಂತು. ಪ್ರವಾಸಕ್ಕೆ ಬಂದ ಅತಿಥಿಗಳನ್ನೆಲ್ಲ ಹೊರಗೆ ಕಳಿಸಿದರು, ಹಡಗುಕಟ್ಟೆಯಲ್ಲಿ ಪೊಲೀಸರು ನಿಂತರು, ದ್ವೀಪದಲ್ಲಿ ನಾವು ನಾವೇ ಉಳಿದೆವು. ಆಗ ಹಾಬ್ಬೊ ಹಾರಿಬಂದ. ಒಳಗೆ ಕೂರುವ ಹಾಗಿರಲಿಲ್ಲ. ಮೈದಾನದ ಅಂಚಿನಲ್ಲಿ ದೂರದೂರಕ್ಕೆ ಎರಡು ಮೇಜು ಹಾಕಿ ಚಹಾ ಇಟ್ಟೆ. ಅವನ ಬಟ್ಟಲು ತುಂಬಲು ಹೋಗುವಾಗ ಅವನು ಎದ್ದು ಹಿಂದೆ ಸರಿಯುತ್ತಿದ್ದ, ನಾನು ಸುರಿದು ವಾಪಸು ಬಂದ ಮೇಲೆ ಕೂರುತ್ತಿದ್ದ.

"ಹೊಸದಾಗಿ ಮದುವೆ ಗೊತ್ತಾದೋರ ಹಾಗಿದೆ ನಮ್ಮ ಆಟ," ಎಂದ. "ಬೇಗ ಕುಡಿ ಮಾರಾಯ್ತಿ, ಈ ಗಾಳಿಗೆ ಚಹಾನೇ ಹಾರಿಹೋಗತ್ತೆ."

ಕಲ್ಲುಸಕ್ಕರೆಯ ಮೇಲೆ ಬಿಸಿ ಚಹಾ ಬಿದ್ದು ಚಟಪಟ ಎಂದಿತು. ಕೆನೆ ಹಾಕಿಕೊಂಡು ಅವನು ವಿಷಯಕ್ಕೆ ಬಂದ.

"ಇಬ್ರೂ ಖಾಲಿ ವಿಮಾನ ಹಾರಿಸೋದು ಯಾವ ಬುದ್ಧಿವಂತಿಕೆ ಹೇಳು. ಜೊತೆಯಾಗೋಣ. ನಿನ್ನ ದಾರೀಲಿ ಅರ್ಧ ದಿನ ನಾನು ಬರ್ತೀನಿ, ನನ್ನ ದ್ವೀಪಗಳಿಗೆ ಔಷಧಿ, ಅಂಚೆ ನೀನು ಒಯ್ಯಿ. ಟಿಕೆಟ್ ಎಲ್ಲ ಒಂದೇ ಕಡೆ, ನನ್ನ ಕಚೇರೀಲಿ ಕೊಡೋಣ."

"ರೋಗ ಮುಗಿದ ಮೇಲೆ?"

"ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ. ಐಲರ್ಟ್ ಹಾಕಿದ ದಾರಿ ಅದು. ಅದರ ಮೇಲೆ ಕಣ್ಣು ಹಾಕೋಕೆ ನಾನೇನು ಹಡಗು ಕಂಪನಿಯವನಾ?"

ಹಿಂದಿನ ದಿನವಷ್ಟೇ ಬ್ರೆಮೆನ್‌ನಿಂದ ಮಗಳು ಫೋನಿನಲ್ಲಿ, ಏನೇ ಮಾಡಿಕೊಂಡರೂ ಬರೆದು ಸಹಿ ಹಾಕಿಸಿಕೋ ಅಮ್ಮ ಎಂದಿದ್ದಳು. ನನಗೆ ನಾಚಿಕೆಯಾಯಿತು. ಆದರೂ ಬಾಯಿಬಿಟ್ಟೆ. ಹಾಬ್ಬೊ ನಕ್ಕ. ಮೂರನೆಯ ಬಟ್ಟಲನ್ನು ಕುಡಿದು ಮುಗಿಸಿ, ಚಮಚವನ್ನು ಬಟ್ಟಲೊಳಗೆ ಇಟ್ಟ.

"ಇಗೋ, ಸಹಿ," ಎಂದ.

ನಮ್ಮ ಕಡೆ ಮೂರು ಬಟ್ಟಲು ಕುಡಿಯದೆ ಏಳುವುದು ಮರ್ಯಾದೆಯಲ್ಲ. ಸಾಕು ಎಂದು ಬಾಯಲ್ಲಿ ಹೇಳುವುದೂ ಇಲ್ಲ, ಬಟ್ಟಲಲ್ಲಿ ಚಮಚ ಇಡುತ್ತೇವೆ. ಅಲ್ಲಿಯವರೆಗೆ ಮನೆಯವರು ಸುರಿಯುತ್ತಲೇ ಇರಬೇಕು, ಇಟ್ಟ ಮೇಲೆ ಒಂದು ಹನಿಯನ್ನೂ ಹಾಕಬಾರದು. ದನ ಕೊಳ್ಳಲಿ, ದೋಣಿ ಮಾರಲಿ, ಚಮಚ ಇಟ್ಟ ಮೇಲೆ ಆ ಮಾತನ್ನು ಮತ್ತೆ ಎತ್ತುವ ರೂಢಿಯಿಲ್ಲ. ನಾನೂ ನನ್ನ ಚಮಚ ಇಟ್ಟೆ. ಮಗಳಿಗೆ, ಎಲ್ಲ ಸರಿಹೋಯಿತು ಎಂದು ಹೇಳಿದೆ.

ಮೊದಲ ವರ್ಷ ಹೇಳಿದ ಹಾಗೇ ನಡೆಯಿತು, ಸುಳ್ಳು ಹೇಳಬಾರದು. ಬೇಸಿಗೆಯಲ್ಲಿ ಅತಿಥಿಗಳು ಬಂದರು, ಇಬ್ಬರೂ ಹಂಚಿಕೊಂಡು ಹಾರಿದೆವು. ನವೆಂಬರಿನಲ್ಲಿ ಮತ್ತೆ ಬಾಗಿಲು ಹಾಕಿದರು. ಗಂಟಲು ಪರೀಕ್ಷೆಯ ಕೊಳವೆಗಳನ್ನು, ಡಯಾಲಿಸಿಸ್‌ಗೆ ಹೋಗುವ ಮುದುಕರನ್ನು, ಆಮೇಲೆ ಲಸಿಕೆಯ ಪೆಟ್ಟಿಗೆಗಳನ್ನು ಒಯ್ದು ತಂದೆ. ಮಾಸ್ಕಿನೊಳಗಿನ ಉಸಿರಿಗೆ ಕನ್ನಡಕ ಮಂಜಾಗಿ, ಎಷ್ಟೋ ಸಲ ನೆಲಕ್ಕೆ ಅಂದಾಜಿನಲ್ಲೇ ಇಳಿದಿದ್ದೇನೆ.

ಅದೇ ಹೊತ್ತಿನಲ್ಲಿ ಜಿಲ್ಲಾಡಳಿತದವರು ಸಭೆಗಳನ್ನು ಶುರುಮಾಡಿದರು. ದ್ವೀಪಗಳ ಸಂಚಾರದ ಭವಿಷ್ಯವಂತೆ, ಎಲ್ಲ ಕಂಪ್ಯೂಟರಿನ ಮುಂದೆ ಕೂತು. ನಮ್ಮ ದ್ವೀಪದ ಇಂಟರ್ನೆಟ್ಟಿಗೆ ಗಾಳಿ ಬೀಸಿದರೆ ಜ್ವರ. ಮೊದಲ ಸಭೆಯಲ್ಲಿ ನಾನು ಪರದೆಯ ಮೇಲೆ ಬಾಯಿ ತೆರೆದವಳು ತೆರೆದ ಹಾಗೇ ನಿಂತುಬಿಟ್ಟಿದ್ದೆನಂತೆ. ಹಾಬ್ಬೊ ಅದನ್ನು ಹೇಳಿಹೇಳಿ ನಕ್ಕ.

"ಬಲೆಗೆ ಬಿದ್ದ ಮೀನಿನ ಹಾಗೆ ಕಾಣ್ತಿದ್ದೆ. ನೀನು ಹಾರು ತಾಯಿ, ಇಬ್ಬರ ಪರವಾಗಿ ನಾನು ಕೂತ್ಕೋತೀನಿ. ಕೂತು ಕೂತು ಹೇಗೂ ಹೊಟ್ಟೆ ಬಂದಿದೆ."

ಉಪಕಾರ ಅಂದುಕೊಂಡೆ. ಥ್ಯಾಂಕ್ಸ್ ಕೂಡ ಹೇಳಿದೆ. ಅದನ್ನು ನೆನೆದರೆ ಈಗಲೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಇಪ್ಪತ್ತೊಂದರ ಮೇ ತಿಂಗಳಲ್ಲಿ ದ್ವೀಪವನ್ನು ಅತಿಥಿಗಳಿಗೆ ಮತ್ತೆ ತೆರೆದರು. ಅಂದು ವಿಮಾನವನ್ನು ತೊಳೆದು, ಸೀಟಿನ ಮೇಲಿನ ಮರಳನ್ನು ಕೊಡವಿ, ಹಾರ್ಸೀಲ್‌ಗೆ ಹಾರಿದೆ. ಟಿಕೆಟ್ ಕೌಂಟರಿನ ಮುಂದೆ ಜನ ಸಾಲಾಗಿ ನಿಂತಿದ್ದರು. ನಾನು ಬಾಗಿಲು ತೆರೆದು ಮೆಟ್ಟಿಲು ಇಳಿಸಿ ಕಾದೆ. ಯಾರೂ ಬರಲಿಲ್ಲ. ಒಬ್ಬೊಬ್ಬರಾಗಿ ಹಾಬ್ಬೊನ ವಿಮಾನದ ಕಡೆ ಹೋದರು. ಕೌಂಟರಿನಲ್ಲಿದ್ದ ಹೊಸ ಹುಡುಗಿ ನನ್ನನ್ನು ಕಂಡು, ಮೊಯಿನ್ ಎಂದು ವಂದಿಸಿ, "ನೀವು ಯಾರನ್ನಾದ್ರೂ ಕರ್ಕೊಂಡು ಹೋಗೋಕೆ ಬಂದ್ರಾ?" ಎಂದು ವಿನಯದಿಂದ ಕೇಳಿದಳು. ಅವಳ ಹಿಂದಿನ ಗೋಡೆಯ ಮೇಲೆ ಹೊಸ ಹಲಗೆ ಇತ್ತು. ಮೇವೆನೋಗ್‌ಗೆ ಹಡಗಾಗಲಿ, ವಿಮಾನವಾಗಲಿ, ಒಂದೇ ಟಿಕೆಟ್. ಒಂದು ಬದಿಗೆ ಹಡಗು ಕಂಪನಿಯ ಹೆಸರು, ಇನ್ನೊಂದು ಬದಿಗೆ ಹಾಬ್ಬೊನದು.

ಹಾಬ್ಬೊ ಒಳಗಿನಿಂದ ಬಂದ. ನನ್ನನ್ನು ನೋಡಿ ಮಾಸ್ಕನ್ನು ಸ್ವಲ್ಪ ಮೇಲಕ್ಕೆಳೆದುಕೊಂಡ.

"ನಾನೇ ಬಂದು ಹೇಳೋಣ ಅಂತಿದ್ದೆ."

"ಯಾವಾಗ?"

"ನೋಡು ತೇಡಾ, ಹಡಗಿನವರು ಒಬ್ಬರ ಜೊತೆ ಮಾತ್ರ ಸೇರ್ಕೋತೀವಿ ಅಂದ್ರು. ಜಿಲ್ಲಾಡಳಿತಕ್ಕೂ ಒಂದೇ ಹೆಸರು ಬೇಕಿತ್ತು. ನಾನು ಒಪ್ಕೊಳ್ದಿದ್ರೆ ಇನ್ಯಾವನೋ ಹೊರಗಿನವನು ಬರ್ತಿದ್ದ. ರೋಗಿಗಳು, ಅಂಚೆ, ಎಲ್ಲಾ ಈಗ ನಮ್ಮ ಕಡೇನೇ."

"ನಮ್ಮ ಅಂದ್ರೆ ಯಾರು?"

ಹಾರಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಹಾರಿಸಿಕೊಂಡು ಹೋಗಲು ಜನವೇ ಇಲ್ಲದ ಹಾಗೆ ಮಾಡಿದ್ದರು, ಅಷ್ಟೇ. ಖಾಲಿ ಸೀಟುಗಳನ್ನು ಹೊತ್ತು ವಾಪಸು ಹಾರಿದೆ. ಅಳು ಬಂತು, ಅತ್ತೆ. ಮೇಲೆ ಯಾರಿದ್ದಾರೆ ನೋಡುವುದಕ್ಕೆ.

ಇಳಿದವಳು ನೇರವಾಗಿ ಫೋಲ್ಕೆಯ ಬ್ರೆಡ್ ಅಂಗಡಿಗೆ ಹೋದೆ. ಫೋಲ್ಕೆ ನಮ್ಮ ಊರ ಸಭೆಯ ಅಧ್ಯಕ್ಷೆ, ನನ್ನ ಜೊತೆ ಶಾಲೆಗೆ ಹೋದವಳು. ನಡೆದದ್ದನ್ನು ಹೇಳಿದೆ. ಇಡೀ ಊರು ನನ್ನ ಹಿಂದೆ ನಿಲ್ಲುತ್ತದೆ, ಹಾಬ್ಬೊನ ವಿಮಾನಕ್ಕೆ ಇಲ್ಲಿ ಇಳಿಯಲು ಜಾಗ ಕೊಡಬೇಡಿ ಎಂದು ಅವಳು ಗುಡುಗುತ್ತಾಳೆ ಎಂದುಕೊಂಡಿದ್ದೆ. ಅವಳು ಬ್ರೆಡ್ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ನಿನಗೆ ಗೊತ್ತಿದೆ ಅಂದ್ಕೊಂಡಿದ್ವಿ," ಎಂದಳು.

"ಅಂದ್ಕೊಂಡಿದ್ವಿ ಅಂದ್ರೆ?"

"ಈಸ್ಟರ್‌ಗೆ ಮುಂಚೇನೇ ಸಭೇಲಿ ಒಪ್ಪಿಗೆ ಕೊಟ್ವಿ. ಹಾಬ್ಬೊ ಹೇಳ್ದ, ನೀನು ದಣಿದಿದ್ದೀಯಂತೆ, ಐಲರ್ಟ್ ಇಲ್ದೆ ಹಾರೋಕೆ ಮನಸ್ಸಿಲ್ವಂತೆ, ಗೌರವದಿಂದ ನಿಲ್ಲಿಸ್ಬೇಕು ಅಂತಿದ್ದೀಯಂತೆ. ಅದನ್ನ ಯಾರೂ ನಿನ್ನ ಹತ್ರ ಕೆದಕ್ಬೇಡಿ, ಅವಳಿಗೆ ನೋವಾಗತ್ತೆ ಅಂದ."

"ದಿನಾ ನಾನು ನಿನ್ನಂಗಡಿಗೇ ಬರ್ತಿದ್ನಲ್ಲ ಫೋಲ್ಕೆ. ಒಂದು ಮಾತು ಕೇಳೋಕೆ ಆಗ್ಲಿಲ್ವಾ?"

"ಹೇಗೆ ಕೇಳೋದು? ಸಂಕೋಚ ಆಯ್ತು." ಬ್ರೆಡ್ಡನ್ನು ನನಗೆಂದು ಕಾಗದದಲ್ಲಿ ಸುತ್ತುತ್ತ, "ಊರಿಗೆ ಅನುಕೂಲಾನೂ ಆಯ್ತಲ್ಲ. ಉಬ್ಬರ ಇದ್ರೆ ಹಡಗು, ಇಲ್ದಿದ್ರೆ ವಿಮಾನ."

ಮಾಸ್ಕು ಇದ್ದುದರಿಂದ ಅವಳ ಬಾಯಿ ಕಾಣಲಿಲ್ಲ, ಕಣ್ಣು ತಪ್ಪಿಸಿದ್ದು ಮಾತ್ರ ಚೆನ್ನಾಗಿ ಕಂಡಿತು. ಹಾಬ್ಬೊ ನಂಬಿಸಿ ಕತ್ತು ಕೊಯ್ದಿದ್ದ. ನಾನು ಹೊತ್ತು ತಿರುಗಿದ ಊರು, ನೋವಾಗಬಾರದೆಂದು ಸದ್ದಿಲ್ಲದೆ ನೋಡುತ್ತ ನಿಂತಿತ್ತು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೊಟ್ಟೆ ಉರಿಯಿತು ಎಂದು ಕೇಳಿದರೆ ಹೇಳಲಾರೆ. ಬ್ರೆಡ್ಡನ್ನು ಅಲ್ಲೇ ಬಿಟ್ಟು ಬಂದೆ.

ಆ ಬೇಸಿಗೆಯೆಲ್ಲ ವಿಮಾನ ಟಾರ್ಪಾಲಿನ ಕೆಳಗೆ ನಿಂತಿತು. ಹಾಬ್ಬೊನ ವಿಮಾನ ನನ್ನ ಅಡುಗೆಮನೆಯ ಮೇಲೇ ಬಂದು ಇಳಿಯುತ್ತಿತ್ತು. ಬೀದಿಯಲ್ಲಿ ಸಿಕ್ಕವರು ಹವಾಮಾನದ ಬಗ್ಗೆ ಮಾತಾಡಿ ಬೇಗ ಬೇಗ ಹೋಗುತ್ತಿದ್ದರು.

ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಹಾಬ್ಬೊ ಬಾಗಿಲು ತಟ್ಟಿದ. ನಾನು ಕೂರು ಎಂದೆ. ಚಹಾ ಇಟ್ಟೆ. ಈ ಸಲ ಒಂದೇ ಮೇಜು. ಐಲರ್ಟ್ ಕೂರುತ್ತಿದ್ದ ಕುರ್ಚಿಯಲ್ಲಿ, ಕೇಳದೆಯೇ ಕೂತ.

"ನನ್ನ ಪೈಲಟ್ ಒಬ್ಬ ಬಿಟ್ಟುಹೋದ," ಎಂದ, ಮೊದಲ ಬಟ್ಟಲಿಗೆ. "ಹೊಸಬರಿಗೆ ಇಲ್ಲಿನ ಅಡ್ಡಗಾಳಿ ಗೊತ್ತಾಗಲ್ಲ. ನಿನ್ನಷ್ಟು ಈ ದಾರಿ ಯಾರಿಗೂ ಗೊತ್ತಿಲ್ಲ."

ನಾನು ಎರಡನೆಯದನ್ನು ಸುರಿದೆ.

"ನನ್ನ ಜೊತೆ ಬಂದ್ಬಿಡು ತೇಡಾ. ನನ್ನ ವಿಮಾನ ಹಾರಿಸು. ಅದೇ ದಾರಿ, ಅದೇ ಗಾಳಿ. ಬಣ್ಣ ಒಂದು ಬೇರೆ. ಐಲರ್ಟ್ ಇದ್ದಿದ್ರೂ ಹೋಗು ಅಂತಿದ್ದ."

"ನೀನು ಅವತ್ತು ಚಮಚ ಇಟ್ಟಿದ್ದೆ, ಹಾಬ್ಬೊ."

ಅವನಿಗೆ ಅರ್ಥವಾಗಲಿಲ್ಲವೆಂದಲ್ಲ. ಕೆನೆ ಚಹಾದೊಳಗೆ ಇಳಿಯುವುದನ್ನೇ ನೋಡುತ್ತ ಕೂತ. ಆಮೇಲೆ ಬೇಸರ ಬಂದವನಂತೆ ನಿಟ್ಟುಸಿರುಬಿಟ್ಟ.

"ಕಾಲ ಎಂಥದ್ದಿತ್ತು ಅಂತ ನಿನಗೂ ಗೊತ್ತು. ಮೈದಾನದಲ್ಲಿ ಗಾಳೀಲಿ ಕೂತು ಏನೋ ಮಾತಾಡಿದ್ವಿ. ಅದು ಬರೀ ಚಹಾ ತಾನೇ."

ಇಷ್ಟು ದಿನ ಅವನಿಗೆ ಹೇಳಬೇಕೆಂದು ಎಷ್ಟೋ ಮಾತು ಜೋಡಿಸಿಟ್ಟುಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಮೂರನೆಯ ಬಟ್ಟಲು ಸುರಿದೆ. ಅವನು ಕುಡಿದ, ತುಟಿ ಒರೆಸಿಕೊಂಡ, ಚಮಚವನ್ನು ಬಟ್ಟಲೊಳಗಿಟ್ಟ.

ನಾನು ಚಹಾದ ಪಾತ್ರೆ ಎತ್ತಿ, ಆ ಚಮಚದ ಮೇಲೆಯೇ ಮತ್ತೆ ಸುರಿದೆ.

ಅವನು ಬಟ್ಟಲನ್ನು ನೋಡಿದ, ನನ್ನನ್ನು ನೋಡಿದ. "ಚಮಚ ಇಟ್ಟಿದ್ದೀನಲ್ಲ," ಎಂದ.

"ಕಾಣ್ತಿದೆ."

ಬಟ್ಟಲು ತುಂಬಿತು. ತಟ್ಟೆ ತುಂಬಿತು. ಐಲರ್ಟ್‌ನ ತಾಯಿ ಹೆಣೆದ ಮೇಜುಬಟ್ಟೆಯ ಮೇಲೆ ಚಹಾ ಹರಿದು, ಅಂಚಿನಿಂದ ಅವನ ಮೊಣಕಾಲಿನ ಮೇಲೆ ತೊಟ್ಟಿಕ್ಕಿತು. ಅವನು ಎದ್ದು ಗೋಡೆಗೆ ಒತ್ತಿ ನಿಂತ. ಅವನ ಮುಖ ಕೆಂಪಾಗಿತ್ತು.

"ತೇಡಾ, ಏನಿದು, ಸಾಕು ಅಂತ ಹೇಳಿದ್ದೀನಿ."

"ಬರೀ ಚಹಾ ತಾನೇ, ಹಾಬ್ಬೊ," ಎಂದೆ, ಪಾತ್ರೆ ಖಾಲಿಯಾಗುವವರೆಗೂ ಸುರಿದೆ.