ಎಂಬತ್ತೇಳನೆಯ ನಡೆ

ಹಮಾಸೆ ಊರಿನಲ್ಲಿ ‘ಗೋ’ ಎಂಬ ಕರಿ-ಬಿಳಿ ಕಾಯಿಗಳ ಮಣೆಯಾಟದ ಕೂಟದಲ್ಲಿ ಯಾರಾದರೂ ಪೆದ್ದು ನಡೆ ಇಟ್ಟರೆ, "ಇಟ್ಟ ನೋಡು ಗೆಂಪಾಚಿಯ ಎಂಬತ್ತೇಳು!" ಎಂದು ನಗುವುದು ರೂಢಿ. ಕೂಟ ನಡೆಸುವ ಚಿಜುರು ಅದೇ ಗೆಂಪಾಚಿಯ ವಂಶದವಳು. ಆ ನಗೆಯನ್ನು ನುಂಗಿಕೊಂಡೇ ಬೆಳೆದವಳು.

ಇನ್ನೂರು ವರ್ಷಗಳ ಹಿಂದೆ ಗೆಂಪಾಚಿ ಎದೋ ನಗರದ ಗುರುವೊಬ್ಬನೊಡನೆ ಆಡಿದ್ದ. ದಾಖಲೆ ಅರ್ಧಕ್ಕೇ ನಿಂತಿದೆ. ಗೆದ್ದವರು ಯಾರೆಂದು ತಿಳಿಯದು. ಮಣೆಯ ಚಿತ್ರದಲ್ಲಿ ಪ್ರತಿ ನಡೆಗೂ ಒಂದು ಅಂಕಿ. ಎಂಬತ್ತಾರರಲ್ಲಿ ಗುರುವಿನ ಬಿಳಿ, ಗೆಂಪಾಚಿಯ ನಾಲ್ಕು ಕರಿ ಕಾಯಿಗಳನ್ನು ಸುತ್ತುವರಿದು ಹೊಡೆಯಿತು. ಎಂಬತ್ತೆಂಟರಲ್ಲಿ ಬೇರೆ ಮೂಲೆಗೆ ಹೋಯಿತು. ನಡುವಿನ ಎಂಬತ್ತೇಳು ಎಲ್ಲೂ ಇಲ್ಲ. ಗೆಂಪಾಚಿ ದಿಗಿಲುಬಿದ್ದು ಸರದಿಯನ್ನೇ ಬಿಟ್ಟನೆಂದು ಊರು ತೀರ್ಮಾನಿಸಿತ್ತು.

ಹಳೆಯ ಆಟಗಳ ಸಂಗ್ರಹವನ್ನು ಅಚ್ಚಿಗೆ ಸಿದ್ಧಪಡಿಸುತ್ತಿದ್ದ ಸಂಪಾದಕ ತೊಮೊಜಾವಾ ಮೂಲ ಹಾಳೆಯನ್ನೇ ತಂದು ಚಿಜುರುವಿನ ಮುಂದಿಟ್ಟ.

"'ಸರದಿ ಬಿಟ್ಟನು' ಅಂತ ಹಾಕ್ಲಾ ಅಕ್ಕಾ? ಅಚ್ಚಾದ್ಮೇಲೆ ಅಳಿಸೋಕಾಗಲ್ಲ."

"ಹಾಕ್ಸಿ, ಹಾಕ್ಸಿ! ನಮ್ಮ ಗಾದೆಗೊಂದು ಸಾಕ್ಷಿ ಆಗುತ್ತೆ," ಪಕ್ಕದ ಮಣೆಯಿಂದ ಮೀನಿನಂಗಡಿಯ ಕಮಿಯಾ ಕೂಗಿದ.

"ಮೊದಲು ನಿನ್ನ ಮೂಲೆ ಉಳಿಸ್ಕೋ ಮಾರಾಯ," ಎಂದು ಚಿಜುರು ಹಾಳೆಯತ್ತ ಬಗ್ಗಿದಳು. "ಇದರ ಎಡಗಡೆ ಅಂಚೆಲ್ಲಿ?"

"ರಟ್ಟು ಕಟ್ಟೋರು ಕತ್ತರಿಸಿದಾರೆ. ಹುಳ ತಿಂದಿತ್ತಂತೆ."

ಚಿಜುರು ಖಾಲಿ ಮಣೆಯೊಂದನ್ನು ಎಳೆದುಕೊಂಡಳು. ಹೊಡೆದು ಖಾಲಿಯಾದ ಜಾಗದಲ್ಲಿ ಮತ್ತೆ ಕಾಯಿ ಇಟ್ಟರೆ ಅದನ್ನು ಚಿತ್ರದೊಳಗೆ ಬರೆಯಲಾಗದು. ಅಲ್ಲಿ ಹಳೆಯ ಅಂಕಿ ಕೂತಿರುತ್ತದೆ. ಅಂಥ ನಡೆಯನ್ನು ಅಂಚಿನಲ್ಲಿ ಬರೆಯುವುದು ವಾಡಿಕೆ. ಊರು ನೋಡಿದ್ದು ಅಂಚು ಕತ್ತರಿಸಿದ ಮೇಲೆ ಮಾಡಿದ ನಕಲನ್ನು. ನಕಲಿಗೆ ತನ್ನದೇ ಅಂಚಿತ್ತು, ಖಾಲಿಯಾಗಿ.

ಅವಳು ಮೊದಲಿನಿಂದ ಕಾಯಿ ಇಡುತ್ತ ಬಂದಳು. ಎಂಬತ್ತಾರಕ್ಕೆ ನಾಲ್ಕು ಕರಿ ಕಾಯಿ ಎತ್ತಿದಳು.

"ಅಲ್ಲಿವರೆಗೆ ಬೇರೆಲ್ಲೂ ಕಾಯಿ ಹೊಡೆದಿಲ್ಲ. ಅಂದ್ರೆ ಎಂಬತ್ತೇಳಕ್ಕೆ ಇರೋದು ಈ ನಾಲ್ಕೇ ಜಾಗ."

ಮೂರರಲ್ಲಿ ಇಟ್ಟರೆ ಪ್ರಯೋಜನವಿರಲಿಲ್ಲ. ನಾಲ್ಕನೆಯದರಲ್ಲಿ ಕರಿ ಕಾಯಿ ಕೂತೊಡನೆ, ಹೊಡೆದ ಬಿಳಿ ಪಡೆಯೇ ಸಿಕ್ಕಿಬಿದ್ದಿತ್ತು.

ಕಮಿಯಾ ತನ್ನ ಆಟ ಬಿಟ್ಟು ಬಂದ. "ತಡಿ, ಬಿಳಿ ಹೀಗೆ ತಪ್ಪಿಸ್ಕೊಂಡ್ರೆ?" ತಪ್ಪಿಸಿಕೊಳ್ಳಲಾಗಲಿಲ್ಲ. "ಹೀಗೆ?" ಆಗಲಿಲ್ಲ. "ಅಬ್ಬಾ! ನಾಲ್ಕನ್ನೂ ಬೇಕಂತ್ಲೇ ತಿನ್ನಿಸಿದಾನೆ."

ಗುರು ಬೇರೆ ಮೂಲೆಗೆ ಹೋದದ್ದು ಇಲ್ಲಿ ಗೆದ್ದೆನೆಂದಲ್ಲ. ಇಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಚಿಜುರುವಿಗೆ ಹೆಮ್ಮೆ ಬರಲಿಲ್ಲ. ಇಷ್ಟು ದೂರ ಕಂಡ ಮನಸ್ಸೊಂದರ ಎದುರು ತಾನು ಕೂತಿದ್ದೇನೆಂದು ಮೈ ನವಿರೆದ್ದಿತು.

"ಹೀಗೇ ಆಡಿದ ಅಂತ ಖಚಿತವಾಗಿ ಬರೀಲಾ?" ತೊಮೊಜಾವಾ ಮೆಲ್ಲಗೆ ಕೇಳಿದ.

ಹೌದೆನ್ನಲು ಅವಳ ನಾಲಿಗೆ ತುದಿಗೆ ಬಂದಿತ್ತು.

"ಬೇಡ. ಅಂಚು ಸಿಕ್ಕಿಲ್ಲವಲ್ಲ. 'ಎಂಬತ್ತೇಳು ಅಂಚಿನಲ್ಲಿತ್ತು, ಅಂಚು ಕತ್ತರಿಸಿದೆ, ಖಾಲಿಯಾದ ಜಾಗ ನಾಲ್ಕು' ಅಂತ ಹಾಕಿ. 'ಬಹುಶಃ' ಅಂತ ಶುರುಮಾಡಿ. ಉಳಿದದ್ದನ್ನ ಓದೋರು ಮಣೆ ಮೇಲೆ ಇಟ್ಟು ನೋಡ್ಕೊಳ್ಳಲಿ."

ಕಮಿಯಾ ಮಣೆಯಿಂದ ಕಣ್ಣು ಕೀಳದೆ ಮಂಡಿಯೂರಿದ. "ಚಿಜುರು ಅಕ್ಕಾ, ಇನ್ನೊಂದ್ಸಲ ಮೊದಲಿಂದ ಇಡ್ರೀ."