ಮೂರು ಸಲ ಕರೆಯುವ ಹಾಡು

ಆ ಹಾಡು ರೇಡಿಯೊದಲ್ಲಿ ಬಂದಾಗಲೆಲ್ಲ ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದುಹೋಗಿ, ಕೊನೆಯ ಸಾಲು ಬರುವ ಮೊದಲೇ ಅದರ ಕಿವಿ ಹಿಂಡಿ ಬಾಯಿ ಮುಚ್ಚಿಸುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷದಿಂದ ಹೀಗೇ. ಹಾಸಿಗೆ ಅಂಗಡಿಗೆ ಬಂದ ಗಿರಾಕಿ ಯಾರಾದರೂ, ನಿಮ್ಮ ತಮ್ಮನ ಹಾಡಲ್ಲವೇ, ಪೂರ್ತಿ ಕೇಳೋಣ ಎಂದರೆ, ಹತ್ತಿ ಹಿಂಜುವ ಯಂತ್ರ ಹಾಕುವುದಿದೆ ಎಂದು ನೆಪ ಹೇಳುತ್ತಿದ್ದಳು. ಯಂತ್ರ ಹಾಕಿದ ಮೇಲೆ ಆ ಕೋಣೆಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವಂತಿರಲಿಲ್ಲ.

ಹಾಗೆ ನೋಡಿದರೆ ಹಾಡು ಹುಟ್ಟಿದ್ದೇ ಆ ಕೋಣೆಯಲ್ಲಿ. ತಮ್ಮನೂ ಅವನ ಮೂವರು ಗೆಳೆಯರೂ ಗಿಟಾರು, ಡ್ರಮ್ಮು ತಂದಿಟ್ಟುಕೊಂಡು ಅಲ್ಲೇ ರಾಕ್ ಬ್ಯಾಂಡ್ ಕಟ್ಟಿದ್ದರು. ಸುತ್ತ ಹತ್ತಿಯ ಮೂಟೆಗಳನ್ನು ಪೇರಿಸಿದ್ದರಿಂದ ಎಷ್ಟು ಬಡಿದರೂ ಪಕ್ಕದ ಮನೆಯ ಮಗು ಏಳುತ್ತಿರಲಿಲ್ಲ. ತಲೆತುಂಬ ಹತ್ತಿಯ ನಾರು ಅಂಟಿಸಿಕೊಂಡು ವೇದಿಕೆ ಹತ್ತುತ್ತಿದ್ದ ತಮ್ಮನಿಗೆ ಗೆಳೆಯರು 'ಹತ್ತಿ' ಎಂದೇ ಹೆಸರಿಟ್ಟರು. ಹಾಡಿನ ಡ್ರಮ್ಮಿನ ಪೆಟ್ಟು ಹಿಂಜುವ ಯಂತ್ರದ್ದು. ಎರಡು ದಪ್ಪ ಏಟು, ಆಮೇಲೆ ಯಂತ್ರದ ಬೆಲ್ಟು ಜಾರಿದ ಹಾಗೆ ಒಂದು ತೆಳು ಏಟು. ಗಿಟಾರಿನ ತುಣುಕನ್ನು ಯಾವುದೋ ಹಳೆಯ ಪರದೇಶದ ಗ್ರಾಮಫೋನ್ ತಟ್ಟೆಯಿಂದ ಎತ್ತಿದ್ದೆಂದು ಗಿಟಾರಿನವನು ಆಣೆ ಮಾಡುತ್ತಿದ್ದ. ಅಲ್ಲ, ಅದು ನಿನ್ನ ಚಿಕ್ಕಪ್ಪ ಮದುವೆ ಬ್ಯಾಂಡಿನಲ್ಲಿ ಊದುತ್ತಿದ್ದ ತುತ್ತೂರಿಯದು ಎಂದು ಡ್ರಮ್ಮಿನವನು ಅವನ ಬಾಯಿ ಮುಚ್ಚಿಸುತ್ತಿದ್ದ.

ಮಾತುಗಳು ಮಾತ್ರ ಅಮ್ಮನವು. ಹತ್ತಿ ತುಂಬಿದ ಹಾಸಿಗೆಯನ್ನು ಎತ್ತರದ ಮರದ ಚೌಕಟ್ಟಿನ ಮೇಲೆ ಹಾಸಿ, ಅಮ್ಮ ಮೇಲಿನಿಂದ ಉದ್ದನೆಯ ದಬ್ಬಣ ಇಳಿಸುತ್ತಿದ್ದಳು. ಕೆಳಗೆ ಅಂಗಾತ ಮಲಗಿದವರು ಅದನ್ನು ಹಿಡಿದೆಳೆದು, ದಾರ ಬಿಗಿದು, ಎರಡು ಬೆರಳಿನಷ್ಟು ಪಕ್ಕದಲ್ಲಿ ಮತ್ತೆ ಮೇಲಕ್ಕೆ ಚುಚ್ಚಬೇಕು. ಒಬ್ಬರ ಕೈ ಒಬ್ಬರಿಗೆ ಕಾಣದು. ಬಾಯಲ್ಲಿ ಹೇಳಿಕೊಳ್ಳದಿದ್ದರೆ ದಬ್ಬಣ ಅಂಗೈಗೇ ಇಳಿದೀತು. "ಬಂತಾ?" ಎಂದು ಮೇಲಿನಿಂದ ಅಮ್ಮ. "ಬಂತು" ಎಂದು ಕೆಳಗಿನಿಂದ ಅಕ್ಕ. "ಕಳಿಸ್ಲಾ?" ಎಂದು ಮತ್ತೆ ಅಕ್ಕ. "ಕಳಿಸು" ಎಂದು ಅಮ್ಮ. ಒಂದು ಹಾಸಿಗೆಗೆ ನೂರಾರು ಸಲ. ತಮ್ಮನ ಹಾಡೂ ಇಷ್ಟೇ; ಪಲ್ಲವಿ, ಚರಣ ಎಲ್ಲ ಇದೇ ಸವಾಲು, ಇದೇ ಜವಾಬು. ಕೊನೆಯಲ್ಲಿ ಮಾತ್ರ ವಾದ್ಯಗಳೆಲ್ಲ ನಿಂತು, "ಬಂತಾ?" ಎಂದು ಅವನೊಬ್ಬನೇ ಮೂರು ಸಲ ಕೇಳುತ್ತಾನೆ. ಉತ್ತರ ಬರುವುದಿಲ್ಲ.

ಆ ಮೂರು ಕರೆಗೆ ಜನ ಕಟ್ಟಿದ ಅರ್ಥ ಒಂದೇ ಎರಡೇ. ಪ್ರೇಯಸಿಯ ಕಾಗದಕ್ಕೆ ಕಾದವನ ಹಾಡು ಎಂದರು ಕೆಲವರು. ದೇವರು ಭಕ್ತನನ್ನು ಕೇಳುವುದೆಂದು ಒಬ್ಬ ಪ್ರೊಫೆಸರು ಪುಸ್ತಕವನ್ನೇ ಬರೆದ. ಅಂಚೆಯವರ ಸಂಘ ಇದು ತಮ್ಮದೇ ಎಂದು ವರ್ಷಕ್ಕೊಮ್ಮೆ ಎದ್ದು ನಿಂತು ಹಾಡಿತು. ಯುದ್ಧದಲ್ಲಿ ಸತ್ತವರನ್ನು ಕರೆಯುವುದೆಂದವರೂ ಉಂಟು. ತಮ್ಮ ಯಾರಿಗೂ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಅಕ್ಕನಿಗೆ ಮಾತ್ರ ಅದರ ಅರ್ಥ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದಳು.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವಳು ಹತ್ತಿ ಲಾರಿ ಓಡಿಸುವವನನ್ನು ಮೆಚ್ಚಿದ್ದಳು. ಅಮ್ಮ ಬೇಡ ಅನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ. ನೋಡೋಣ, ನೋಡೋಣ ಎಂದು ವರ್ಷ ಕಳೆದಳು. ಒಂದು ಮಧ್ಯಾಹ್ನ ಅರ್ಧ ಹೊಲಿದ ಹಾಸಿಗೆಯ ಕೆಳಗೆ ಮಲಗಿದ್ದಾಗ ಹೊರಗೆ ಲಾರಿಯ ಹಾರ್ನ್ ಕೇಳಿಸಿತು. ಅಕ್ಕ ದಬ್ಬಣ ಕೆಳಗಿಟ್ಟು, ಆಚೆ ಬದಿಯಿಂದ ತೆವಳಿ ಹೊರಬಿದ್ದಳು. ಬಾಗಿಲು ದಾಟುವಾಗ "ಬಂತಾ?" ಎಂದು ಅಮ್ಮ ಕೇಳಿದ್ದು ಕಿವಿಗೆ ಬಿತ್ತು. ಜಗಲಿಯಲ್ಲಿ ಇನ್ನೊಮ್ಮೆ. ಗೇಟಿನ ಹತ್ತಿರ ಮೂರನೆಯ ಸಲ. ಆಮೇಲೆ ಲಾರಿ ಹೊರಟಿತು. ಎರಡು ವರ್ಷ ಕಳೆದು ಹಾಡು ಬಂತು.

ಮನೆ ಬಿಟ್ಟ ನಾಲ್ಕು ವರ್ಷದ ಮೇಲೆ ಗಂಡನ ಜೊತೆ ಕಂಕುಳಲ್ಲಿ ಮಗಳನ್ನು ಎತ್ತಿಕೊಂಡು ಬಂದಾಗ ಅಮ್ಮ, ಊಟ ಆಯ್ತಾ ಎಂದು ಕೇಳಿ ತಟ್ಟೆ ಹಾಕಿದಳು. ಮರುದಿನದಿಂದ ಅಕ್ಕ ಮತ್ತೆ ಹಾಸಿಗೆಯ ಕೆಳಗೆ. ಅಮ್ಮನ ಬಾಯಿಂದ ಮಾತು ಪೂರ್ತಿ ಹೊರಡುವ ಮೊದಲೇ "ಬಂತು" ಎನ್ನುತ್ತಿದ್ದಳು. ಅಮ್ಮ ಇನ್ನೂ ಹನ್ನೊಂದು ವರ್ಷ ಬದುಕಿದ್ದಳು. ಆ ಮಧ್ಯಾಹ್ನದ ಮಾತನ್ನು ಇಬ್ಬರೂ ಎತ್ತಲಿಲ್ಲ. ತನ್ನೆದುರು ಉಸಿರೆತ್ತದ ಅಮ್ಮ ತಮ್ಮನೆದುರು ಅತ್ತಿದ್ದಾಳೆ, ಅವನು ಅದನ್ನು ಲೋಕಕ್ಕೆಲ್ಲ ಹಾಡಿ ತೋರಿಸಿದ್ದಾನೆ ಎಂಬುದು ಅಕ್ಕನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ತಮ್ಮ ಬರುತ್ತಿದ್ದ, ಹೋಗುತ್ತಿದ್ದ, ನಗುತ್ತಿದ್ದ. ಕೇಳಲು ಅವಳ ನಾಲಗೆ ಏಳುತ್ತಿರಲಿಲ್ಲ.

ಈ ಸಲ ಅವನು ಬಂದದ್ದು ಬೆನ್ನು ಹಿಡಿದುಕೊಂಡು. ಸ್ಪಂಜಿನ ಹಾಸಿಗೆ ತನ್ನ ಸೊಂಟ ಮುರಿದಿದೆಯೆಂದೂ ಅಮ್ಮ ಮಾಡುತ್ತಿದ್ದಂಥ ಹತ್ತಿ ಹಾಸಿಗೆಯೇ ಬೇಕೆಂದೂ ಹಟ ಹಿಡಿದ. ಕೆಳಗೆ ಮಲಗುವ ಕೆಲಸದವಳಿಗೆ ಅಂದು ರಜೆ. ತಾನೇ ಮಲಗುತ್ತೇನೆಂದು ಅವನು ಮಂಡಿಯೂರಿ, ನರಳಿ, ಒಂದೊಂದೇ ಅಂಗವನ್ನು ಒಳಗೆ ಸಾಗಿಸಿದ.

"ಮಾವ, ಆಮೇಲೆ ಹೊರಗೆ ಎಳೆಯೋಕೆ ಹಗ್ಗ ತರ್ಲಾ?" ಎಂದಳು ಅಕ್ಕನ ಮಗಳು.

"ನಿನ್ನ ವಯಸ್ಸಲ್ಲಿ ನಾನು ವೇದಿಕೆಯಿಂದ ವೇದಿಕೆಗೆ ಹಾರ್ತಿದ್ದೆ ಕಣೆ."

"ಅದಕ್ಕೇ ಈಗ ಹೀಗಾಗಿರೋದು."

ಹೊಲಿಗೆ ಶುರುವಾಯಿತು. ಮಗಳು ಮೊಬೈಲು ನೋಡುತ್ತ ಹಾಡಿನ ಅರ್ಥಗಳನ್ನು ಒಂದೊಂದಾಗಿ ಓದಿದಳು. ಪ್ರೊಫೆಸರರ ದೇವರ ಅರ್ಥಕ್ಕೆ ತಮ್ಮ ಕೆಳಗಿಂದಲೇ, ಕೈಮುಗಿದೆ ಎಂದ. ಗಡಿಯಾರ ರಿಪೇರಿಯ ಹಾಡೆಂದು ಯಾರೋ ಬರೆದದ್ದಕ್ಕೆ, ಪಾಪ, ಅವರಿಗೂ ಒಂದು ಹಾಡು ಬೇಕಲ್ಲ ಎಂದ. ಅಷ್ಟರಲ್ಲಿ ಮುಂದಿನ ಅಂಗಡಿಗೆ ಗಿರಾಕಿ ಬಂದು ಮಗಳು ಎದ್ದುಹೋದಳು. ಕೋಣೆಯಲ್ಲಿ ದಾರ ಸರಿಯುವ ಸದ್ದಷ್ಟೇ ಉಳಿಯಿತು.

ನಡುವೆ ಹಾಸಿಗೆಯಿತ್ತು, ಅವನ ಮುಖ ಇವಳಿಗೆ ಕಾಣುತ್ತಿರಲಿಲ್ಲ, ಇವಳದು ಅವನಿಗೆ. ಅದೇ ಧೈರ್ಯ ಕೊಟ್ಟಿತೋ ಏನೋ.

"ಆ ಹಾಡಿನ ಕೊನೆ ಇದೆಯಲ್ಲ," ಎಂದಳು ಅಕ್ಕ. "ಅದು ನನ್ನ ಮೇಲೆ ಬರೆದದ್ದಾ?"

ದಬ್ಬಣ ಕೆಳಗೇ ನಿಂತಿತು.

"ನಿನ್ನ ಮೇಲೆ ಯಾಕೆ ಬರೀಲಿ?"

ಅಕ್ಕ ಹೇಳಿದಳು. ಹಾರ್ನ್, ಬಾಗಿಲು, ಜಗಲಿ, ಗೇಟು, ಮೂರು ಕರೆ. ಹೇಳುತ್ತ ಹೇಳುತ್ತ ಬೆರಳುಗಳು ಹಾಸಿಗೆಯ ಪಟ್ಟೆ ಬಟ್ಟೆಯನ್ನು ಸುಮ್ಮನೆ ನೀವುತ್ತಿದ್ದವು.

ತಮ್ಮ ಹೇಳಿದ್ದು ಇದು. ಅಕ್ಕ ಹೋದ ಮೇಲೆ ಕೆಳಗಿನ ಕೆಲಸ ಅವನ ಪಾಲಿಗೆ ಬಂದಿತ್ತು. ಬೆಳಗ್ಗೆಯಿಂದ ಹಾಡಿ ಕುಣಿದು ದಣಿದವನು, ಮೇಲೆ ಬೆಚ್ಚನೆಯ ಹತ್ತಿ, ಕೆಳಗೆ ತಣ್ಣನೆಯ ನೆಲ, ನಿದ್ದೆ ಹೋಗಿಬಿಡುತ್ತಿದ್ದ. ಅಮ್ಮ ಮೂರು ಸಲ ಕೇಳುತ್ತಿದ್ದಳು. ಅವನಿಗೆ ಅದು ನಿದ್ದೆಯೊಳಗೆ, ಎಲ್ಲೋ ದೂರದಲ್ಲಿ ಕೇಳಿಸುತ್ತಿತ್ತು. ಆ ಸುಖವನ್ನೇ ಹಾಡಿನ ಕೊನೆಗೆ ಇಟ್ಟದ್ದು. ಇಡೀ ದೇಶವೇ ಅದಕ್ಕೆ ಅಳಲು ಶುರುಮಾಡಿದ ಮೇಲೆ, ಅಯ್ಯಾ, ಅದು ನನ್ನ ಗೊರಕೆ ಅನ್ನುವುದು ಹೇಗೆ?

"ಯಾಕೆ ಮೂರೇ?"

"ಅಮ್ಮ ಯಾವತ್ತೂ ಮೂರೇ ಸಲ ಕರೀತಿದ್ದದ್ದು. ನಾಲ್ಕನೇ ಸಲ ಬಗ್ಗಿ ನೋಡ್ತಿದ್ದಳು. ಒಮ್ಮೊಮ್ಮೆ ಕಣ್ಣು ಬಿಟ್ರೆ ಅವಳ ಮುಖ ತಲೆಕೆಳಗಾಗಿ ಇರ್ತಿತ್ತು. ಮಲಕ್ಕೋ ಅಂತಿದ್ದಳು."

ಅಕ್ಕನಿಗೆ ಅದು ಗೊತ್ತಿರಲಿಲ್ಲ. ಅವಳು ಯಾವಾಗಲೂ ಮೊದಲ ಕರೆಗೇ ಉತ್ತರ ಕೊಟ್ಟವಳು. ಮುಳ್ಳು ಕಿತ್ತುಬಂದ ಜಾಗದಲ್ಲೇ ಇನ್ನೊಂದು ನೋವು ಚಿಮ್ಮಿತು: ಹಾಗಾದರೆ ಅವತ್ತೂ ಅಮ್ಮ ಬಗ್ಗಿ ನೋಡಿದ್ದಾಳೆ.

"ನೋಡಿದಳು," ಎಂದ ತಮ್ಮ, ಅವಳು ಕೇಳದಿದ್ದರೂ. "ನಾನು ಸ್ಕೂಲಿಂದ ಬಂದಾಗ ದಬ್ಬಣ ಕೈಯಲ್ಲಿ ಹಿಡಿದು ಕೂತಿದ್ದಳು. ನಿನ್ನಕ್ಕ ಮೊನೆ ಗೋಡೆ ಕಡೆಗೆ ಮಾಡಿ ಇಟ್ಟು ಹೋಗಿದಾಳೆ ಕಣೋ, ಯಾರಿಗೂ ಚುಚ್ಚಬಾರದು ಅಂತ. ಸಿಟ್ಟಲ್ಲಿ ಹೋದವಳಲ್ಲ ಅಂದಳು. ಆಮೇಲೆ ನನ್ನ ಒಳಗೆ ನುಗ್ಗಿಸಿ ಹಾಸಿಗೆ ಮುಗಿಸಿದಳು."

"ಇಷ್ಟು ವರ್ಷ ಯಾಕೋ ಹೇಳಲಿಲ್ಲ?"

"ನೀನು ಕೇಳಲಿಲ್ಲ. ಆ ಮಾತು ಹಾಡಿಗೂ ಹಾಕಲಿಲ್ಲ ಕಣಕ್ಕ. ಅದು ಮನೆಯದು."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಮೊನೆಯನ್ನು ಯಾವ ಕಡೆಗೆ ತಿರುಗಿಸಿ ಇಟ್ಟಿದ್ದಳೋ ಅವಳಿಗೆ ನೆನಪೇ ಇರಲಿಲ್ಲ. ಕೈಗೆ ಅಭ್ಯಾಸವಾಗಿತ್ತು, ಇಟ್ಟಿತ್ತು. ಅಮ್ಮ ಅದನ್ನೂ ಓದಿಕೊಂಡಿದ್ದಳು.

"ಆ ಕೊನೆ ನಾನು ಒಂದು ಸಲವೂ ಕೇಳಿಲ್ಲ," ಎಂದಳು. "ಹಾಡು."

"ಇಲ್ಲಿ? ಹೀಗೆ ಮಲಗಿಕೊಂಡು? ಗಂಟಲು ಬೇರೆ ಕೆಟ್ಟಿದೆ."

"ಪರವಾಗಿಲ್ಲ."

ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ. ಅಂಗೈಯಿಂದ ಮರದ ಕಾಲಿಗೆ ಎರಡು ದಪ್ಪ ಏಟು, ಒಂದು ತೆಳು ಏಟು ಹಾಕಿ ನಿಲ್ಲಿಸಿದ. ಆಮೇಲೆ ಬರೀ ದನಿ, ಹತ್ತಿಯ ಮೂಲಕ ಹಾದು ಮೆತ್ತಗಾಗಿ ಬಂತು. ಒಂದು ಸಲ, ಎರಡು ಸಲ, ಮೂರನೆಯ ಸಲ. ಅಕ್ಕ ಹಾಸಿಗೆಯ ಮೇಲೆ ಕೆನ್ನೆಯಿಟ್ಟು, ಮೂರನೆಯದು ಮುಗಿದ ಮೇಲಿನ ಮೌನವನ್ನೂ ಪೂರ್ತಿ ಕೇಳಿದಳು.

"ಇನ್ನೊಂದ್ಸಲ," ಎಂದಳು.