ಕೆಂಪಿನ ಮೈಗೆ ಅಂಟಿದ ನೀಲಿ

ಕೆಂಪು ಶಿಖರದ ಮೈಗೆ ಅಂಟಿಕೊಂಡು ಅದೇನು ನೀಲಿ, ಕಂಪ್ಯೂಟರ್ ತೆರೆಯ ಮೇಲಿನ ಧೂಳಿರಬೇಕು, ಕೋಟಿನ ತೋಳಿನಿಂದ ಒರೆಸಿದೆ, ಹೋಗಲಿಲ್ಲ, ಈ ನಕ್ಷೆಯ ಒಂದೊಂದು ಶಿಖರವೂ ಜೀನಿನ ಒಂದೊಂದು ಅಕ್ಷರ, ಒರೆಸಿದರೆ ಹೋಗುತ್ತದೆಯೇ — ಒಂದು ಜಾಗದಲ್ಲಿ ಒಂದೇ ಶಿಖರವಿದ್ದರೆ ಅಪ್ಪ ಅಮ್ಮ ಇಬ್ಬರೂ ಒಂದೇ ಅಕ್ಷರ ಕೊಟ್ಟಿದ್ದಾರೆ, ಎರಡಿದ್ದರೆ ಒಬ್ಬರದು ಬೇರೆ, ಹೊಸಬರಿಗೆ ನಾನೇ ಹೇಳಿಕೊಡುವ ಪಾಠ. ತಮ್ಮನ ಸಾಲಿನಲ್ಲಿ ಎರಡಿರಲಿ, ಅವನ ರಕ್ತದ ಕ್ಯಾನ್ಸರಿಗೆ ಮನೆತನದ ಪ್ಲೇಟ್‌ಲೆಟ್ ದೋಷವೇ ಮೂಲವೆಂದು ವೈದ್ಯರಿಗೆ ಅನುಮಾನ, ಹುಡುಕಲು ಕೂತದ್ದೇ ಅದನ್ನು. ಆದರೆ ಇದು ಕೆಳಗಿನ ಸಾಲು, ಹೋಲಿಸಿ ನೋಡಲು ಇಟ್ಟ ಆರೋಗ್ಯವಂತರ ರಕ್ತ, ಅಂದರೆ ನನ್ನದು, ಈ ಲ್ಯಾಬಿಗೆ ಯಾವ ಹೊಸ ಪರೀಕ್ಷೆ ಬಂದರೂ ಸರಿಯಾದ ರಕ್ತವೆಂದರೆ ನನ್ನದೇ, ಮೇಡಂ ಸ್ವಲ್ಪ ಕೈ ಕೊಡಿ ಎಂದರೆ ಕೊಡುತ್ತೇನೆ, ಅಳತೆಗೋಲನ್ನು ಯಾರು ಅಳೆಯುತ್ತಾರೆ. ಮೊದಲ ಸಲ ಟೆಕ್ನಿಷಿಯನ್ನನ್ನು ಬೈದೆ, ಊಟದ ಡಬ್ಬಿಯನ್ನೇ ಅದಲುಬದಲು ಮಾಡುವವನು, ರಕ್ತದ ನಳಿಕೆ ಬಿಟ್ಟಾನೆಯೇ, ನಿನ್ನೆ ಮತ್ತೆ ರಕ್ತ ತೆಗೆಸಿ ಎಲ್ಲ ನಾನೇ ನಡೆಸಿದೆ, ಈಗ ಬೈಯಲು ಯಾರೂ ಇಲ್ಲ — ಕೆಂಪು, ಅದರ ಮೈಗೆ ನೀಲಿ — ಸೂಜಿ ಚುಚ್ಚಿದ ಜಾಗ ಬದನೆಕಾಯಿಯ ಬಣ್ಣಕ್ಕೆ ತಿರುಗಿದೆ, ಅಮ್ಮನಿಗೂ ಹೀಗೇ, ನಮ್ಮ ಮನೆಯವರದು ಹೂವಿನಂಥ ಮೈ ಕಣೇ ಎನ್ನುತ್ತಿದ್ದಳು, ಹಲ್ಲು ಕೀಳಿಸಿಕೊಂಡು ಬಂದು ರಕ್ತ ಉಗುಳುತ್ತಲೇ. ನನ್ನ ಪ್ಲೇಟ್‌ಲೆಟ್ ಯಾವಾಗಲೂ ಗಡಿಯೊಳಗೇ, ಗಡಿಗೆ ಕಾಲು ತಾಗಿಸಿಕೊಂಡು, ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ತಮ್ಮನಿಗೆ ಮೂಳೆಮಜ್ಜೆ ಹೊಂದಿಕೆಯಾದದ್ದು ನನ್ನೊಬ್ಬಳದೇ, ಅವನ ಹಳೆಯ ಮಜ್ಜೆಯನ್ನು ಸುಡುವ ಔಷಧಿ ಇವತ್ತು ಸಂಜೆ ಶುರು, ಶುರುವಾದರೆ ಹಿಂದಕ್ಕೆ ದಾರಿಯಿಲ್ಲ. ಮಧ್ಯಾಹ್ನ ಫೋನಿನಲ್ಲಿ ನಗುತ್ತಿದ್ದ, ಅಕ್ಕಾ, ನಿನ್ ಮಜ್ಜೆ ಬಂದ್ಮೇಲೆ ನಂಗೂ ನಿನ್ನ ಹಾಗೆ ಗೊಣಗೋ ಚಾಳಿ ಬರುತ್ತಾ, ಹಿಂದಿನಿಂದ ಅವನ ಹೆಂಡತಿ, ಹಾಗೇನಾದ್ರೂ ಆದ್ರೆ ಅತ್ತಿಗೆ, ಇವರನ್ನ ನಿಮ್ಮನೆಗೇ ಕಳಿಸಿಬಿಡ್ತೀನಿ. ಹೇಳಿದರೆ ಅವನಿಗೆ ದಾನಿಯಿಲ್ಲ, ಹೇಳದಿದ್ದರೆ ಸುಟ್ಟ ಹೊಲದಲ್ಲಿ ಅದೇ ದೋಷದ ಬೀಜವನ್ನು ನನ್ನ ಕೈಯಾರೆ ಬಿತ್ತಿದಂತೆ, ಅತ್ತ ದರಿ ಇತ್ತ ಪುಲಿ, ಪುಲಿಯೂ ನಾನೇ ಆಗುವ ಗತಿ ಗಾದೆ ಕಟ್ಟಿದವನಿಗೆ ಹೊಳೆದಿರಲಾರದು — ಫೋನ್ ಕೈಯಲ್ಲಿದೆ, ವೈದ್ಯರು ಹಲೋ ಎನ್ನುತ್ತಿದ್ದಾರೆ, ಔಷಧಿ ಶುರು ಮಾಡಬೇಡಿ ಎಂದೆ, ಯಾಕೆ ಮೇಡಂ, ದಾನಿಯದು ಸರಿಯಿಲ್ಲ ಎಂದೆ, ದಾನಿ ಎಂದರೆ ನೀವೇ ಅಲ್ವಾ ಎಂದರು, ಹೌದು ಅನ್ನಬೇಕು, ಒಂದು ಮಾತು, ಹೌದು, ಬಾಯಿ ತೆರೆದಿದೆ, ಕೇಳಿಸ್ತಿದೆಯಾ ಮೇಡಂ, ಕೆಂಪು, ಅದರ ಮೈಗೆ ನೀಲಿ, ಕೆಂಪು, ಅದರ ಮೈಗೆ